ದಾಟುಗಲ್ಲು ಒಣಗಿರುವ ತನಕ

ಸಮುದ್ರದ ನೀರಿಗೆ ಇನ್ನೂ ಯಾರೂ ಉಪ್ಪು ಹಾಕಿರದ ಕಾಲದಲ್ಲಿ, ಏಳನೆಯ ಅಲೆಗೂ ಎಂಟನೆಯ ಅಲೆಗೂ ನಡುವೆ ಒಂದು ಬಂಡೆ ಇತ್ತಂತೆ. ಬಂಡೆಯ ಮೇಲೊಬ್ಬ ಅಜ್ಜಿ. ಅಜ್ಜಿಯ ಕೈಯಲ್ಲಿ ಒಂದು ಕೋಲು, ಕೋಲಿನ ತುದಿಗೊಂದು ದಾರ, ದಾರದ ತುದಿಗೆ ಇಡೀ ಸಮುದ್ರ. ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಅದಕ್ಕೇ ಕಣ್ಣಿನ ಬದಲು ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದಳು. ಮೊಮ್ಮಗಳೋ, ಕಣ್ಣು ಬಿಟ್ಟುಕೊಂಡೇ ಕನಸು ಕಾಣುವವಳು.

ನಮ್ಮ ಮನೆಯ ಕಥೆಗಳೆಲ್ಲ ಹೀಗೇ ಶುರುವಾಗುತ್ತವೆ, ಹೇಳುವವಳು ಅಜ್ಜಿ. ಈ ಸಲ ನಾನು ಹೇಳುತ್ತಿದ್ದೇನೆ, ಏಕೆಂದರೆ ಆ ಮೊಮ್ಮಗಳು ನಾನೇ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯಲ್ಲಿ ನನಗೆ ಕೆಲಸ. ಹೋದ ತಿಂಗಳು ಒಬ್ಬ ವಕೀಲರ ಬಿಳಿ ಅಂಗಿಯಿಂದ ಹಬೆ ಏಳುವುದನ್ನು ನೋಡುತ್ತ, ಆ ಹಬೆಯೊಳಗೆ ಒಂದು ಊರು ಕಟ್ಟುತ್ತ, ಇಸ್ತ್ರಿಪೆಟ್ಟಿಗೆಯನ್ನು ಎತ್ತುವುದನ್ನೇ ಮರೆತೆ. ಅಂಗಿಯ ಬೆನ್ನಿನಲ್ಲಿ ದೋಣಿಯಾಕಾರದ ಕಂದು ಗುರುತು ಬಿತ್ತು. ಅಂದಿನಿಂದ ಅಂಗಡಿಯಾಕೆ ನನ್ನನ್ನು ಕಾಲುಚೀಲ ಜೋಡಿಸುವ ಮೇಜಿಗೆ ಹಾಕಿದ್ದಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಭಾನುವಾರ ಎರಡು ಜೀವ ನನ್ನ ಕಣ್ಣಿನ ಮೇಲೆ ನಿಂತಿದ್ದವು.

ಬೆಳಗ್ಗೆ ಅಡುಗೆಮನೆಯ ನೆಲದಲ್ಲಿ ಕೂತು ಅಜ್ಜಿ ಹಳೆಯ ಬಣ್ಣದ ಡಬ್ಬಿಯಲ್ಲಿ ಮೀನಿಗೆ ಎರಚುವ ಹಿಟ್ಟು ಕಲಸುತ್ತಿದ್ದಳು: ಒಣಗಿದ ಬ್ರೆಡ್ಡು, ಅರೆದ ಮೀನಿನ ತಲೆ, ಒಂದು ಹಿಡಿ ಮರಳು. ಮೂಗು ಮುಚ್ಚಿಕೊಂಡೇ ಅಪ್ಪ ತಿಂಡಿ ತಿನ್ನುತ್ತಿದ್ದ. ಅವನು ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. ಹತ್ತು ಟನ್ನಿನ ಪೆಟ್ಟಿಗೆಯನ್ನು ಮೊಟ್ಟೆ ಇಟ್ಟ ಹಾಗೆ ಇಳಿಸುವವನು, ತನ್ನ ತಾಯಿಯ ಹತ್ತಿರ ಮಾತ್ರ ಅವನ ಕೈ ಸಾಗುವುದಿಲ್ಲ.

"ಅಮ್ಮಾ, ನಾಳೆ ಕಣ್ಣಿನ ಆಪರೇಷನ್. ಇವತ್ತು ಬಂಡೆ ಮೇಲೆ ಜಾರಿ ಬಿದ್ರೆ ಕಣ್ಣಿನ ಡಾಕ್ಟರ ಬದಲು ಮೂಳೆ ಡಾಕ್ಟರ ಹತ್ರ ಹೋಗ್ಬೇಕಾಗುತ್ತೆ."

"ಇಬ್ರೂ ಒಂದೇ ಕಟ್ಟಡದಲ್ಲಿ ಇದ್ದಾರಲ್ಲೋ. ಮಹಡಿ ತಾನೇ ಬೇರೆ."

"ತಮಾಷೆ ಬೇಡ."

"ಆಪರೇಷನ್ ಆದ್ಮೇಲೆ ಆರು ವಾರ ಬಗ್ಗೋ ಹಾಗಿಲ್ಲ ಅಂದ್ರು. ಆರು ವಾರಕ್ಕೆ ಹಲ್ಲುಬ್ಬ ಆಳಕ್ಕೆ ಹೋಗಿಬಿಡ್ತಾನೆ. ಒಂದೇ ಒಂದು ಸಲ ಅವನ ಜೊತೆ ಜಗ್ಗಾಡಿ ಬರ್ತೀನಿ, ಆಮೇಲೆ ನಿಮ್ಮ ಡಾಕ್ಟರು ಕಣ್ಣಾದ್ರೂ ಕೀಳ್ಲಿ, ಕಿವಿಯಾದ್ರೂ ಕೀಳ್ಲಿ."

ಹಲ್ಲುಬ್ಬ ಅಂದರೆ ಬ್ರೀಮ್ ಮೀನು. ಅಗಲ ಮೈ, ಬೆಳ್ಳಿ ಹೊಟ್ಟೆ, ಬೆನ್ನ ಮೇಲೆ ಮುಳ್ಳಿನ ಸಾಲು, ಚಿಪ್ಪನ್ನು ಕಡಲೆಯಂತೆ ಕಡಿಯುವ ಹಲ್ಲು. ಬ್ರೀಮ್ ಎನ್ನುವುದು ಮಾರುಕಟ್ಟೆಯ ಹೆಸರು. ಅಜ್ಜಿ ಅದನ್ನು ನಲವತ್ತು ವರ್ಷದಿಂದ ಹಲ್ಲುಬ್ಬ ಎಂದೇ ಬೈಯುತ್ತ ಬಂದಿದ್ದಾಳೆ.

ಅಪ್ಪ ತಟ್ಟೆ ಸರಿಸಿ ನನ್ನ ಕಡೆ ತಿರುಗಿದ. "ನೋಡು, ನಿಂಗೆ ಒಂದೇ ಕೆಲಸ. ದಾಟುಗಲ್ಲು ಒಣಗಿರೋ ತನಕ ಮಾತ್ರ ಅಲ್ಲಿರೋದು. ಅದು ಮುಳುಗೋ ಮುಂಚೆ ಅಜ್ಜಿನ ಈಚೆ ಒಣ ನೆಲದ ಮೇಲೆ ತಂದು ನಿಲ್ಲಿಸ್ಬೇಕು. ಮಾತು ಕೊಡು."

"ಕೊಟ್ಟೆ."

"ನನ್ನ ಮುಖ ನೋಡಿ ಕೊಡು. ಕಿಟಕಿ ನೋಡಿ ಅಲ್ಲ."

ಮುಖ ನೋಡಿ ಕೊಟ್ಟೆ.

ಅವನ ಭಯಕ್ಕೆ ಕಾರಣವಿತ್ತು. ಹಲ್ಲುಬ್ಬ ಸಿಗುವುದು ಹೊರಬಂಡೆಯಲ್ಲಿ. ದಡಕ್ಕೂ ಅದಕ್ಕೂ ನಡುವೆ ಒಂದು ಕಂಡಿ. ಕಂಡಿಯ ಮಧ್ಯೆ, ಮಲಗಿಸಿದ ಬಾಗಿಲಿನಷ್ಟು ಅಗಲದ ಚಪ್ಪಟೆ ಕಲ್ಲು, ಅದೇ ದಾಟುಗಲ್ಲು. ಇಳಿತದಲ್ಲಿ ನೀರು ಸರಿದಾಗ ಒಂದು ಹೆಜ್ಜೆ ಅದರ ಮೇಲೆ, ಇನ್ನೊಂದು ಹೆಜ್ಜೆ ಆಚೆಗೆ, ಮಗುವೂ ದಾಟಬಹುದು. ಉಬ್ಬರ ಬಂತೆಂದರೆ ಕಲ್ಲು ಮುಳುಗುತ್ತದೆ, ಆಮೇಲೆ ಕಂಡಿಯಲ್ಲಿ ನೀರು ಕುದಿಯುತ್ತದೆ. ಅಮಾವಾಸ್ಯೆಯ ಆಸುಪಾಸಿನ ಉಬ್ಬರಕ್ಕೆ ಹೊರಬಂಡೆಯ ನೆತ್ತಿಯ ಮೇಲೂ ಅಲೆ ಹಾಯುತ್ತದೆ. ಅಮಾವಾಸ್ಯೆ ಕಳೆದು ಅಂದಿಗೆ ಎರಡೇ ದಿನ. ನನ್ನ ಲೆಕ್ಕದಲ್ಲಿ ಎರಡು ಗಂಟೆಯವರೆಗೆ ಕಲ್ಲು ಒಣಗಿರಬೇಕು. ಒಂದೂವರೆಗೆ ಅಲಾರಾಂ ಇಟ್ಟೆ.

ಹನ್ನೊಂದಕ್ಕೆ ನಾವು ಹೊರಬಂಡೆಯ ಮೇಲಿದ್ದೆವು. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿದ್ದರೂ ಅವಳ ಪಾದಕ್ಕೆ ಆ ಕಲ್ಲುಗಳು ಗೊತ್ತು. ನಾನು ಎರಡು ಸಲ ಜಾರಿದೆ. ಅವಳು ಒಮ್ಮೆಯೂ ಇಲ್ಲ. ಅಲೆಯ ಸಿಂಚನದಿಂದ ಕಾಪಾಡಲು ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟವೆಲಿನಲ್ಲಿ ಸುತ್ತಿ, ಚೀಲದ ತಳಕ್ಕೆ ಇಟ್ಟೆ. ಬುದ್ಧಿವಂತೆಯ ಕೆಲಸ ಮಾಡಿದೆ ಅಂದುಕೊಂಡೆ.

ಅಜ್ಜಿ ಕೊಕ್ಕೆಗೆ ಸೀಗಡಿ ಚುಚ್ಚಿ, ನಾಲಗೆಯಲ್ಲಿ ಗಂಟು ಮುಟ್ಟಿ ನೋಡಿ, ಕೋಲು ಬೀಸಿದಳು. ಮೀನು ಕಚ್ಚಿದ್ದನ್ನು ತೋರಿಸಲು ದಾರಕ್ಕೆ ಕಟ್ಟಿದ್ದ ತೇಲುಬೆಂಡು ಬಂಡೆಯ ಬುಡದ ನೊರೆಯಂಚಿನಲ್ಲಿ ಬಿತ್ತು. ಹೆಬ್ಬೆರಳಿನಷ್ಟು ಕೇಸರಿ ಚುಕ್ಕೆ.

ಇನ್ನು ನನ್ನ ಪಾಳಿ. ನಮ್ಮಿಬ್ಬರದು ಒಂದು ಪದ್ಧತಿ. ಚಿಕ್ಕಂದಿನಲ್ಲಿ ಅಜ್ಜಿ ಕಥೆ ಹೇಳುವಾಗ ನಾನು ಹೂಂಗುಡಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಕಣ್ಣು ಮಸುಕಾದ ಮೇಲೆ ಅವಳು ಅದನ್ನೇ ಬೆಂಡಿಗೂ ತಂದಳು. ಹಲ್ಲುಬ್ಬ ಅನುಮಾನದ ಪ್ರಾಣಿ, ಒಮ್ಮೆಗೇ ನುಂಗುವುದಿಲ್ಲ. ಬೆಂಡು ಒಮ್ಮೆ ತಲೆಯಾಡಿಸಿದರೆ ನಾನು ಸಣ್ಣಗೆ ಹೂಂ ಅನ್ನಬೇಕು, ಅವಳು ಕಾಯುತ್ತಾಳೆ. ಮತ್ತೊಮ್ಮೆ ಕುಕ್ಕಿದರೆ ಮತ್ತೊಂದು ಸಣ್ಣ ಹೂಂ. ಬೆಂಡು ಓರೆಯಾಗಿ ಸರಿದು, ಕೇಸರಿ ಬಣ್ಣ ನೀರಿನೊಳಗೆ ಕರಗತೊಡಗಿದಾಗ ಉದ್ದನೆಯ ಹೂಂ. ಆಗ ಅವಳು ಕೋಲು ಎತ್ತುತ್ತಾಳೆ. ಅರ್ಧ ಉಸಿರು ತಡವಾದರೂ ಕೊಕ್ಕೆ ಖಾಲಿ. ಅದಕ್ಕೇ ಕಟ್ಟುನಿಟ್ಟು: ಬೆಂಡು ನೀರಿನಲ್ಲಿರುವಾಗ ಹೂಂಗುಡುವವರು ಅದರಿಂದ ಕಣ್ಣು ಕೀಳುವ ಹಾಗಿಲ್ಲ. ಹಕ್ಕಿ ಹಾರಲಿ, ಹಡಗು ಬರಲಿ, ಆಕಾಶ ಕಳಚಿ ಬೀಳಲಿ.

ಒಂದು ಗಂಟೆ ಏನೂ ಇಲ್ಲ. ಬೆಂಡು ತೂಕಡಿಸಿತು. ನಾನೂ.

"ಲೇ ಕನಸುಗಣ್ಣಿ, ಇದೀಯಾ?"

"ಹೂಂ."

ಕೋಲು ಸರಕ್ಕನೆ ಮೇಲೆದ್ದಿತು. ಸೀಗಡಿ ಗಾಳಿಯಲ್ಲಿ ಹಾರಿ ಬಂದು ನನ್ನ ಕೆನ್ನೆಗೆ ಬಡಿಯಿತು.

"ಇದೀಯಾ ಅಂತ ಕೇಳಿದ್ರೆ ಇದೀನಿ ಅನ್ಬೇಕು, ಮುಂಡೇದೇ!"

ಇಬ್ಬರೂ ನಕ್ಕೆವು. ಅಂದು ನಕ್ಕಿದ್ದು ಅಷ್ಟೇ.

ಹನ್ನೆರಡೂವರೆಯ ಹೊತ್ತಿಗೆ ಇಳಿತ ನಿಂತು ನೀರು ಮರಳತೊಡಗಿತು. ಅಜ್ಜಿಗೆ ಅದು ವಾಸನೆಯಿಂದಲೇ ತಿಳಿಯಿತು. ಡಬ್ಬಿಯಿಂದ ಹಿಟ್ಟಿನ ಉಂಡೆ ಎಸೆಯುತ್ತ ಪಿಸುಗುಟ್ಟಿದಳು, "ಈಗ ನೋಡು. ಬರೋ ನೀರಿನ ಜೊತೆಗೇ ಅವನೂ ಬರ್ತಾನೆ. ನೆಂಟರು ಊಟದ ಹೊತ್ತಿಗೆ ಸರಿಯಾಗಿ ಬರೋ ಹಾಗೆ."

ದಾರಿ ಮುಚ್ಚತೊಡಗುವುದೂ, ಮೀನು ತಿನ್ನತೊಡಗುವುದೂ ಒಂದೇ ಗಳಿಗೆಯಲ್ಲಿ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೆಂಡಿನ ಮೇಲೆ ಕಣ್ಣು ನೆಟ್ಟೆ. ಅಲಾರಾಂ ಇದೆಯಲ್ಲ.

ಬೆಂಡು ತಲೆಯಾಡಿಸಿತು. ಹೂಂ. ನಿಂತಿತು. ಅಜ್ಜಿಯ ಮೊಣಕೈ ಬಿಗಿಯಾಯಿತು. ಕುಕ್ಕಿತು. ಹೂಂ. ಮತ್ತೆ ಏನೂ ಇಲ್ಲ. ಸೀಗಡಿ ಮಾಯ. ಇನ್ನೊಂದು ಚುಚ್ಚಿದಳು. ಮತ್ತೆ ಹೂಂ, ಮತ್ತೆ ಮಾಯ. ಹೀಗೆ ಐದು ಸಲವೋ ಏಳು ಸಲವೋ. ಕೆಳಗೆ ಯಾರೋ ನಮ್ಮಿಬ್ಬರನ್ನೂ ಅಳೆಯುತ್ತಿದ್ದರು. ನನ್ನ ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು, ಒರೆಸಲಿಲ್ಲ. ಜಗತ್ತು ಚಿಕ್ಕದಾಗುತ್ತ ಹೋಗಿ ಹೆಬ್ಬೆರಳಿನಷ್ಟು ಕೇಸರಿ ಚುಕ್ಕೆಯಾಯಿತು. ಜೀವನದಲ್ಲಿ ಮೊದಲ ಬಾರಿಗೆ ನಾನು ಬೇರೆ ಎಲ್ಲಿಗೂ ಹೋಗದೆ ಒಂದೇ ಕಡೆ ಇದ್ದೆ. ಅದೇ ಎಡವಟ್ಟಾಯಿತು.

ಬೆಂಡು ಓರೆಯಾಯಿತು. ಸರಿಯಿತು. ಕೇಸರಿ ಬಣ್ಣ ನೀರಿನಲ್ಲಿ ಕರಗಿತು.

"ಹೂಂ!"

ಕೋಲು ಎದ್ದು ಬಿಲ್ಲಿನಂತೆ ಬಾಗಿತು. ರೀಲು ಕಿರುಚಿತು. ಅಜ್ಜಿಯ ಎಪ್ಪತ್ತೊಂದು ವರ್ಷ ಎಲ್ಲಿ ಹೋಯಿತೋ, ಅಗಲಕ್ಕೆ ಕಾಲೂರಿ ನಿಂತಳು. "ಬಂದ್ಯಾ ಹಲ್ಲುಬ್ಬಾ! ಬಾ, ಬಾ. ಲೇ, ದೊಡ್ಡೋನು ಕಣೇ ಇವನು, ಕಲ್ಲಿನ ಕೆಳಗೆ ನುಗ್ತಿದ್ದಾನೆ. ಹಿಡಿಬಲೆ ತಗೋ!"

ಹಿಡಿಬಲೆ ಹಿಂದಿತ್ತು. ಉದ್ದನೆಯ ಹಿಡಿಯ ಆ ಬಲೆಯನ್ನು ಎತ್ತಲು ತಿರುಗಿದೆ. ಗಂಟೆಗಟ್ಟಲೆ ಆದ ಮೇಲೆ ಮೊದಲ ಸಲ ಹಿಂದಕ್ಕೆ ನೋಡಿದ್ದು.

ದಾಟುಗಲ್ಲು ಇರಲಿಲ್ಲ.

ಅದು ಇದ್ದ ಜಾಗದಲ್ಲಿ ಹಸಿರು ನೀರು ಏರಿ, ನೊರೆಯುಗುಳಿ, ಇಳಿಯಿತು. ಇಳಿದಾಗ ಒಂದು ಕಪ್ಪು ಬೆನ್ನು ಕಂಡಂತಾಗಿ ಮತ್ತೆ ಮುಳುಗಿತು. ಚೀಲದ ತಳಕ್ಕೆ ಕೈ ಹಾಕಿ ಫೋನು ಬಿಚ್ಚಿದೆ. ಎರಡೂ ಇಪ್ಪತ್ತು. ಅಲಾರಾಂ ಟವೆಲಿನೊಳಗೆ ಬಡಬಡಿಸಿ ಸುಮ್ಮನಾಗಿತ್ತು. ಸಿಗ್ನಲ್ಲಿನ ಕಡ್ಡಿ ಒಂದೂ ಇಲ್ಲ. ಸುತ್ತ ನೋಡಿದೆ: ನಮ್ಮ ಕಾಲ ಕೆಳಗಿನಿಂದ ಬಂಡೆಯ ನೆತ್ತಿಯವರೆಗೂ ಹಸಿ ಪಾಚಿ. ಉಬ್ಬರ ಪೂರ್ತಿಯಾದಾಗ ಇಲ್ಲಿ ನಿಲ್ಲಲು ಒಣ ಜಾಗ ಒಂದು ಅಂಗೈಯಷ್ಟೂ ಇರುವುದಿಲ್ಲ ಎಂದು ಆ ಪಾಚಿ ಹೇಳುತ್ತಿತ್ತು.

"ಅಜ್ಜಿ, ಹೋಗೋಣ."

"ಹುಚ್ಚೇನೇ? ಬಲೆ ಕೊಡು ಅಂದೆ!"

"ಅಜ್ಜಿ, ಹೊತ್ತಾಯ್ತು—"

"ಎರಡೇ ನಿಮಿಷ. ಸುಸ್ತಾಗ್ತಿದ್ದಾನೆ, ನೋಡು, ತಲೆ ತಿರುಗಿಸ್ದ."

ಎರಡು ನಿಮಿಷವಲ್ಲ, ಹತ್ತು ನಿಮಿಷ ಬೇಕಿತ್ತು. ದಾರ ಕೊಯ್ಯುತ್ತಿದ್ದ ನೀರು ನೋಡಿದರೆ ತಿಳಿಯುತ್ತಿತ್ತು. ಕಲ್ಲು ಮುಳುಗಿದೆ ಎಂದು ಹೇಳಬೇಕಿತ್ತು. ಹೇಳಲು ಬಾಯಿ ಬರಲಿಲ್ಲ, ಏಕೆಂದರೆ ಹೇಳಿದರೆ ನನ್ನ ತಪ್ಪು ಹೊರಗೆ ಬೀಳುತ್ತಿತ್ತು. ಅಂಥ ಹೊತ್ತಿನಲ್ಲೂ ಮನಸ್ಸು ಅಂಥ ಲೆಕ್ಕ ಹಾಕಿತು. ದಾರ ಕತ್ತರಿಸುವ ಪುಟ್ಟ ಕತ್ತರಿ ಅವಳ ಕೊರಳಿನಿಂದ ಬೆನ್ನಿಗೆ ಇಳಿಬಿದ್ದಿತ್ತು. ಹಿಂದಿನಿಂದ ಹೋಗಿ ಅದನ್ನು ಹಿಡಿದು, ರೀಲಿನ ಮುಂದೆ ಬಿಗಿದು ನಿಂತಿದ್ದ ದಾರಕ್ಕೆ ತಾಗಿಸಿದೆ. ಟಣ್ ಎಂದಿತು. ಕೋಲು ನೆಟ್ಟಗಾಯಿತು. ಅಜ್ಜಿ ಎರಡು ಹೆಜ್ಜೆ ಹಿಂದಕ್ಕೆ ತೂರಾಡಿ ನನ್ನ ಮೇಲೆ ಬಿದ್ದಳು.

"ಕಲ್ಲಿಗೆ ಉಜ್ಜಿ ಹರೀತು ಅಜ್ಜಿ," ಅಂದೆ. ನನ್ನ ದನಿ ನನಗೇ ಪರಕೀಯವಾಗಿತ್ತು.

ಅವಳು ದಾರದ ತುದಿಯನ್ನು ಎಳೆದುಕೊಂಡು, ಬೆರಳಿನಲ್ಲಿ ತಡವಿ, ತುಟಿಗೆ ಇಟ್ಟು ನೋಡಿದಳು.

"ಕಲ್ಲು ಕಡಿದ್ರೆ ದಾರ ನಾರುನಾರಾಗಿರುತ್ತೆ," ಎಂದಳು ನಿಧಾನವಾಗಿ. "ಇದು ಕತ್ತರಿ ಕೆಲಸ. ಯಾಕೆ ಕತ್ತರಿಸ್ದೆ?"

"ದಾಟುಗಲ್ಲು ಮುಳುಗಿದೆ."

"ಎಷ್ಟು?"

"ಅಲೆ ಇಳಿದಾಗ ಮೊಣಕಾಲು. ಏರಿದಾಗ ಗೊತ್ತಾಗ್ತಿಲ್ಲ."

ಬೈಗುಳಕ್ಕೆ ಕಾದೆ. ಅಜ್ಜಿ ನನ್ನ ರಟ್ಟೆ ಹಿಡಿದಳು, ನೋಯುವ ಹಾಗೆ. "ಕತ್ತರಿಸಿದ್ದಕ್ಕೆ ಅಲ್ಲ ಕಣೇ ನಂಗೆ ಸಿಟ್ಟು. ಕಣ್ಣಿದ್ದಿದ್ರೆ ನಾನೇ ಇನ್ನೂ ಮುಂಚೆ ಕತ್ತರಿಸ್ತಿದ್ದೆ. ಸುಳ್ಳು ಹೇಳಿದ್ಯಲ್ಲ, ಅದಕ್ಕೆ. ಇನ್ಮೇಲೆ ಕಂಡಿದ್ದು ಕಂಡ ಹಾಗೆ ಹೇಳ್ಬೇಕು. ಒಂದು ಕೂದಲು ಹೆಚ್ಚಿಲ್ಲ, ಕಡಿಮೆ ಇಲ್ಲ. ನಿನ್ನ ಕಣ್ಣು ಸುಳ್ಳು ಹೇಳಿದ್ರೆ ಇಬ್ರೂ ಹೋದ್ವಿ. ತಿಳೀತಾ?"

"ತಿಳೀತು."

"ಕರ್ಕೊಂಡು ಹೋಗು ಕಂಡಿ ಹತ್ರ."

ಕಂಡಿಯ ಅಂಚಿನಲ್ಲಿ ಕೂತೆವು. ಹತ್ತಿರದಿಂದ ನೋಡಿದರೆ ಇನ್ನೂ ಕಷ್ಟ. ನೀರು ಒಳನುಗ್ಗುತ್ತದೆಯೋ ಹೊರಗೆ ಸೆಳೆಯುತ್ತದೆಯೋ ಎಂದೇ ತಿಳಿಯುವುದಿಲ್ಲ. ಎಲ್ಲ ಕಡೆ ಮಿನುಗು, ನೊರೆ, ಸದ್ದು. ಅದನ್ನೇ ಹೇಳಿದೆ, ಕಂಡ ಹಾಗೆ.

"ನೊರೆ ನೋಡ್ಬೇಡ, ನೊರೆ ಸುಳ್ಳುಬುರುಕಿ," ಎಂದಳು ಅಜ್ಜಿ. ಜೇಬಿನ ಡಬ್ಬಿಯಿಂದ ಇನ್ನೊಂದು ಬೆಂಡು ತೆಗೆದು, ಕಣ್ಣು ಮುಚ್ಚಿಕೊಂಡೇ ಕೋಲಿನ ದಾರಕ್ಕೆ ಕಟ್ಟಿದಳು. ಕೊಕ್ಕೆ ಇಲ್ಲ, ಬರೀ ಬೆಂಡು. "ಕಲ್ಲಿನ ಮೇಲಕ್ಕೆ ಬಿಡು. ಬೆಂಡು ಹೋದ ಕಡೆ ನೀರು. ಬೆಂಡು ನಿಂತ್ರೆ ನೀರು ನಿಂತಿದೆ. ಎಷ್ಟು ಹೊತ್ತು ನಿಲ್ಲುತ್ತೆ, ಎಣಿಸು."

ಬಿಟ್ಟೆ. ಬೆಂಡು ಬಾಣದಂತೆ ಒಳಗೆ ಓಡಿತು, ಸುತ್ತಿತು, ಹೊರಗೆ ಓಡಿತು. ಮತ್ತೆ ಒಳಗೆ. ಮೂರು ದೊಡ್ಡ ಅಲೆಗಳು ಹಾದ ಮೇಲೆ ಒಂದು ಕ್ಷಣ, ಯಾರೋ ಕರೆದಂತೆ, ಕಲ್ಲಿನ ನೇರ ಮೇಲೆ ನಿಂತಿತು.

"ನಿಂತಿದೆ. ಒಂದು, ಎರಡು... ಎಂಟು. ಹೋಯ್ತು."

"ಇನ್ನೊಂದು ಸಲ."

"ಅಷ್ಟರಲ್ಲಿ ನೀರು ಏರುತ್ತೆ ಅಜ್ಜಿ!"

"ಏರ್ಲಿ. ಗೊತ್ತಿಲ್ಲದೆ ಇಳಿಯೋದಕ್ಕಿಂತ ಒದ್ದೆಯಾಗಿ ಇಳಿಯೋದು ಮೇಲು."

ಎರಡನೆಯ ಸಲ ಒಂಬತ್ತು. ಮೂರನೆಯ ಸಲ ಆರೇ ಆರು. ಬೆನ್ನ ಹಿಂದೆ ಒಂದು ಅಲೆ ಹೊರಬಂಡೆಯ ತುಟಿಗೆ ಬಡಿದು ನಮ್ಮಿಬ್ಬರ ಬೆನ್ನನ್ನೂ ತೋಯಿಸಿತು. ಹಿಟ್ಟಿನ ಡಬ್ಬಿ ಉರುಳಿ ಹೋದ ಸದ್ದು ಕೇಳಿತು.

"ಆರು ಅಂತ ಇಟ್ಕೊಳೋಣ," ಎಂದಳು ಅಜ್ಜಿ. "ನೀರೊಳಗೆ, ಆರು ಎಣಿಸೋದ್ರಲ್ಲಿ ನಂಗೆ ನಾಲ್ಕು ಪುಟ್ಟ ಹೆಜ್ಜೆ. ನಿಂಗೆ, ಕನಸು ಕಾಣದಿದ್ರೆ, ಮೂರು." ಕೋಲನ್ನು ಒಂದು ಬಿರುಕಿಗೆ ಸಿಕ್ಕಿಸಿದಳು. ನಲವತ್ತು ವರ್ಷದ ಕೋಲು.

"ಅದು?"

"ನಿಂಗೆ ಎರಡು ಕೈ, ನಂಗೆ ಎರಡು ಕೈ. ಅದಕ್ಕೆ ಕೈ ಉಳಿದಿಲ್ಲ. ಹಿಡಿಬಲೆ ಕೊಡು."

ಬಲೆಯ ಉದ್ದನೆಯ ಹಿಡಿಯ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ನಾನು ಮುಂದೆ. ಬೆಂಡು ನೀರಿನಲ್ಲೇ ಇತ್ತು. ಮೊದಲ ದೊಡ್ಡ ಅಲೆ ಬಂತು. ಎರಡನೆಯದು. ನೊರೆಯಲ್ಲಿ ಒಂದು ಗೋಪುರ ಎದ್ದಿತು, ಅದಕ್ಕೆ ಕಿಟಕಿಗಳು ಮೂಡಿದವು. ನೋಡಲಿಲ್ಲ. ಮೂರನೆಯದು. ಬೆಂಡು ಓಡಿತು, ನಿಧಾನವಾಯಿತು.

ನಿಂತಿತು.

"ಈಗ!"

ಒಂದು. ನೀರಿನೊಳಗೆ ಕಾಲಿಟ್ಟೆ, ಕಲ್ಲು ಸಿಗಲಿಲ್ಲ. ಎರಡು. ಸಿಕ್ಕಿತು, ಮೊಣಕಾಲಿಗಿಂತ ಮೇಲೆ ನೀರು, ತಣ್ಣಗೆ, ಭಾರವಾಗಿ. ಹಿಡಿ ಎಳೆದೆ. ಮೂರು. ಅಜ್ಜಿಯ ಕಾಲು ಕಲ್ಲಿಗೆ ತಾಗಿದ್ದು ಹಿಡಿಯಲ್ಲೇ ತಿಳಿಯಿತು. ಮುಂದಕ್ಕೆ ಹೆಜ್ಜೆ ಎತ್ತಬೇಕು, ಆಗ ಬೆಂಡು ಕಣ್ಣಂಚಿನಲ್ಲಿ ಅಲುಗಿತು. ಇನ್ನೂ ನಾಲ್ಕೇ ಆಗಿತ್ತು.

"ಅಜ್ಜಿ, ಬೆಂಡು ಓಡ್ತಿದೆ! ಒಳಗೆ!"

"ಕೂತ್ಕೋ! ಓಡ್ಬೇಡ, ಕೂತ್ಕೋ! ಕಲ್ಲು ತಬ್ಬಿಕೋ!"

ಕಾಲುಗಳು ಓಡು ಎಂದವು. ದಡ ಕೈಗೆ ಎಟುಕುವಷ್ಟು ದೂರದಲ್ಲಿತ್ತು. ನಾನೊಬ್ಬಳೇ ಆಗಿದ್ದರೆ ಹಾರಿ ಮುಟ್ಟುತ್ತಿದ್ದೆ. ಅದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ಕುಕ್ಕರಿಸಿದೆ. ಒಂದು ಕೈ ಕಲ್ಲಿನ ಅಂಚಿಗೆ, ಇನ್ನೊಂದರಿಂದ ಅಜ್ಜಿಯ ಸೊಂಟದ ಪಟ್ಟಿ ಹಿಡಿದೆ. ಅಲೆ ಬಂದು ಎದೆ, ಕೊರಳು ದಾಟಿ ಬಾಯಿ ತುಂಬಿತು. ಚಿಪ್ಪುಗಳು ಅಂಗೈ ಕೊಯ್ದವು. ನೀರು ನಮ್ಮನ್ನು ಒಳಕ್ಕೆ ತಳ್ಳಿತು, ಆಮೇಲೆ ಮನಸ್ಸು ಬದಲಿಸಿ ಹೊರಕ್ಕೆ ಸೆಳೆಯಿತು. ಸೆಳೆತದಲ್ಲಿ ಅಜ್ಜಿಯ ದೇಹ ಕಲ್ಲಿನಿಂದ ಎದ್ದಿತು. ಸೊಂಟದ ಪಟ್ಟಿ ನನ್ನ ಬೆರಳುಗಳನ್ನು ಮುರಿಯುವಂತೆ ಜಗ್ಗಿತು. ಬಿಡಲಿಲ್ಲ. ಅವಳು ಮತ್ತೆ ಕಲ್ಲಿಗೆ ಬಂದು ಬಿದ್ದಳು, ಕೆಮ್ಮುತ್ತ.

"ಇದೀಯಾ?" ಎಂದು ಕೂಗಿದೆ.

"ಇದೀನಿ ಕಣೇ... ಕಣ್ಣು ಬಿಡು, ಎಲ್ಲಿದೆ ಬೆಂಡು?"

ಉಪ್ಪುನೀರಿನಿಂದ ಉರಿಯುತ್ತಿದ್ದ ಕಣ್ಣು ತೆರೆದೆ. ಕೇಸರಿ ಎಲ್ಲೂ ಇರಲಿಲ್ಲ. ದಾರ ಹರಿದು ಹೋಗಿತ್ತೋ ಏನೋ. ಇದೆ ಎನ್ನಬಹುದಿತ್ತು, ಅವಳ ಧೈರ್ಯಕ್ಕೆ.

"ಕಾಣಿಸ್ತಿಲ್ಲ ಅಜ್ಜಿ."

"ಸರಿ. ನೀರು ಎಲ್ಲಿದೆ, ನಿನ್ನ ಮೈಗೆ?"

"ಸೊಂಟ. ಇಳೀತಿದೆ. ತೊಡೆ. ಇನ್ನೂ ಇಳೀತಿದೆ."

"ಸೆಳೀತಿದೆಯಾ?"

ಮೈಯಿಂದ ಕೇಳಿಸಿಕೊಂಡೆ. "ಸೆಳೀತಿದೆ. ಸೆಳೀತಿದೆ. ಕಡಿಮೆ ಆಯ್ತು. ಅಜ್ಜಿ, ನಿಂತಿತು!"

"ಹೋಗು!"

ಹಾರಲಿಲ್ಲ, ನಡೆದೆ, ಒಂದು ಉದ್ದ ಹೆಜ್ಜೆ. ಕಾಲಿನ ಹೆಬ್ಬೆರಳು ದಡದ ಬಂಡೆಯ ಗೂಡಿಗೆ ಸಿಕ್ಕಿತು. ಮೊಣಕಾಲು ಉಜ್ಜುತ್ತ ಮೇಲೇರಿ, ತಿರುಗಿ, ಹೊಟ್ಟೆಯ ಮೇಲೆ ಮಲಗಿ ಎರಡೂ ಕೈ ಚಾಚಿದೆ. ಹಿಡಿಬಲೆ ಆಗಲೇ ನೀರುಪಾಲಾಗಿತ್ತು. ಅಜ್ಜಿ ಕಲ್ಲಿನ ಮೇಲೆ ಎದ್ದು ನಿಂತು, ಬರಿಗಾಳಿಯಲ್ಲಿ ಕೈಯಾಡಿಸುತ್ತಿದ್ದಳು.

"ಎಡಕ್ಕೆ ಅಜ್ಜಿ. ಇನ್ನೂ ಎಡಕ್ಕೆ. ಅಷ್ಟೇ. ಈಗ ಮುಂದಕ್ಕೆ ಬಾಗು, ನಾನಿದೀನಿ."

"ಎಷ್ಟು ದೂರ?"

"ಒಂದು ಮೊಳ."

"ನಿಜವಾದ ಮೊಳವೋ, ಕಥೆ ಮೊಳವೋ?"

"ನಿಜವಾದ್ದು!"

ಅವಳು ಬಾಗಿದಳು. ಬೆರಳು ಬೆರಳಿಗೆ ಸಿಕ್ಕಿತು, ಆಮೇಲೆ ಮಣಿಕಟ್ಟು ಮಣಿಕಟ್ಟಿಗೆ. ಮುಂದಿನ ಅಲೆ ಕಂಡಿಯ ಬಾಯಲ್ಲಿ ಬೆನ್ನೆತ್ತಿದ್ದು ಕಾಣಿಸಿತು. ಹೇಳಿದೆ, ಅದನ್ನೂ ಕಂಡ ಹಾಗೆ. ಅವಳು ಗೂಡಿಗೆ ಕಾಲಿಟ್ಟು ಮೇಲಕ್ಕೆ ದೇಹ ಎಸೆದಳು, ನಾನು ಎಳೆದೆ. ಅಲೆ ಅವಳ ಒಂದು ಚಪ್ಪಲಿಯನ್ನು ಮಾತ್ರ ಕಸಿದುಕೊಂಡು ಹೋಯಿತು.

ಪಾಚಿಯ ಮೇಲೆ ಇಬ್ಬರೂ ಬಿದ್ದುಕೊಂಡೆವು. ಅಜ್ಜಿ ಉಸಿರು ಎಳೆದುಕೊಳ್ಳುತ್ತ ನಗಲು ನೋಡಿದಳು, ಅದು ಕೆಮ್ಮಾಯಿತು. "ಇಲ್ಲೇ ಒಂದು ಗಳಿಗೆ ಮಲಗ್ತೀನಿ," ಎಂದಳು.

"ಇಲ್ಲಿ ಬೇಡ. ಇಲ್ಲಿ ಇನ್ನೂ ಒದ್ದೆ ಇದೆ."

"ಈಗೇನು ಒದ್ದೆ, ಒಣ ಅಂತ! ದಾಟಿದ್ವಲ್ಲ!"

"ಇಲ್ಲ ಅಜ್ಜಿ. ಅಪ್ಪಂಗೆ ಮಾತು ಕೊಟ್ಟಿದೀನಿ. ಏಳು."

ನನ್ನ ದನಿಯಲ್ಲಿ ಏನಿತ್ತೋ, ಎದ್ದಳು. ಅವಳ ತೋಳನ್ನು ನನ್ನ ಕೊರಳಿಗೆ ಹಾಕಿಕೊಂಡು ಮೇಲೆ ಹತ್ತಿಸಿದೆ. ಪಾಚಿ ಕಡಿಮೆಯಾಯಿತು. ಅಂಟಿಕೊಂಡಿದ್ದ ಚಿಪ್ಪುಗಳು ಮುಗಿದವು. ಆಮೇಲೆ ಬೂದು ಬಣ್ಣದ ಬರಿಯ ಬಂಡೆ. ಬಗ್ಗಿ, ಅಂಗೈಯ ಗಾಯವಾಗದ ಭಾಗವನ್ನು ಅದರ ಮೇಲೆ ಊರಿದೆ. ಬಿಸಿಲಿಗೆ ಕಾದಿತ್ತು. ಗರಗರ ಎನ್ನುವಷ್ಟು ಒಣಗಿತ್ತು.

"ಒಣಗಿದೆಯಾ?" ಅಜ್ಜಿ ಕೇಳಿದಳು.

ನಾನು ಮೊಣಕಾಲೂರಿ ಕೂತು, ಅವಳ ಬರಿಗಾಲನ್ನು ಮೊದಲು, ಚಪ್ಪಲಿಯ ಕಾಲನ್ನು ಆಮೇಲೆ, ಒಂದೊಂದಾಗಿ ಎತ್ತಿ ಆ ಒಣ ಕಲ್ಲಿನ ಮೇಲೆ ಇಟ್ಟೆ.